ಸನ್ಮಾನದ ಕತ್ತಿ: ಅಲಗಿನ ಒಳಗೂ ಮೇಲೂ ಭೌತವಿಜ್ಞಾನ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅಂದು ಲಗ್ಗೆಯಿಟ್ಟ ಪಡೆಯನ್ನು ಮುನ್ನಡೆಸಿದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರ ಪೊಲ್ಲಿಲೂರು ಕಾಳಗದಲ್ಲಿ ಸೆರೆಸಿಕ್ಕಿ, 1784ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು ಅವನು. ಆದರೂ ಗೆದ್ದ ಪಟ್ಟಣದ ಅಧಿಕಾರ ಅವನಿಗೆ ದಕ್ಕಲಿಲ್ಲ. ಅದು ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಬೇರ್ಡ್‌ಗೆ ಸಿಕ್ಕಿದ್ದು ಟಿಪ್ಪು ಸುಲ್ತಾನನ ಶಯನಗೃಹದಲ್ಲಿ ದೊರೆತ ಒಂದು ಕತ್ತಿ. ಅವನ ಧೈರ್ಯವನ್ನು ಮೆಚ್ಚಿ ಸೇನೆ ಕೊಟ್ಟ ಸನ್ಮಾನ ಅದು.

ಅದೇ ಕೋಟೆಯಿಂದ ಹೊರಟ ಇನ್ನೊಂದು ಕಥೆ ಯಳಂದೂರಿಗೆ ಬಂದು ಸೇರುತ್ತದೆ. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯನವರು 1799ರ ನಂತರ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು. ಅವರ ಆಡಳಿತ ಸೇವೆಗಾಗಿ 1807ರಲ್ಲಿ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. ಸುವರ್ಣಾವತಿ ನದಿಯ ಬಯಲಿನ ಈ ಪುಟ್ಟ ಊರಿನಲ್ಲಿ ಗೌರೀಶ್ವರ ದೇವಾಲಯದ ಬಳೆಮಂಟಪ ಎಷ್ಟು ಪ್ರಸಿದ್ಧವೋ ಜಹಗೀರ್‌ದಾರರ ಬಂಗಲೆಯೂ ಅಷ್ಟೇ ಪರಿಚಿತ. ಆಡಳಿತಗಾರನಿಗೆ ಭೂಮಿ, ಸೈನಿಕನಿಗೆ ಕತ್ತಿ. ಭೂಮಿ ಇಲ್ಲೇ ಉಳಿಯಿತು. ಕತ್ತಿ ಹಡಗು ಹತ್ತಿತು.

ಆ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆಯಲ್ಲಿ 1,40,80,900 ಪೌಂಡುಗಳಿಗೆ, ಅಂದರೆ 140 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಹರಾಜಿಗೆ ಮುಂಚೆ ಅಂದಾಜಿಸಿದ್ದ ಬೆಲೆ 15ರಿಂದ 20 ಲಕ್ಷ ಪೌಂಡು ಮಾತ್ರ. ಒಂದು ಕಿಲೋಗ್ರಾಮಿನ ಆಸುಪಾಸು ತೂಗುವ ಉಕ್ಕಿಗೆ ಇಷ್ಟು ಬೆಲೆ ಬರುವುದು ಅದಕ್ಕೆ ಅಂಟಿಕೊಂಡ ಹೆಸರಿನಿಂದ. ಹೆಸರನ್ನು ಬದಿಗಿಟ್ಟರೆ ಕತ್ತಿಯಲ್ಲಿ ಉಳಿಯುವುದೇನು? ಉಳಿಯುವುದು ಬಹಳ ಇದೆ. ಹಳೆಯ ಕತ್ತಿಯ ತೂಕದ ಹಂಚಿಕೆ, ಉಕ್ಕಿನೊಳಗಿನ ಹರಳುಗಳು, ಮೇಲ್ಮೈಯ ಬಣ್ಣ, ಅದಕ್ಕೆ ಹಚ್ಚಿದ ಚಿನ್ನ - ಪ್ರತಿಯೊಂದೂ ಅದನ್ನು ಮಾಡಿದ ಕೈಗಳ ಬಗ್ಗೆ ಸಾಕ್ಷ್ಯ ಹೇಳುತ್ತದೆ. ಆ ಸಾಕ್ಷ್ಯವನ್ನು ಓದಲು ಬೇಕಾದ ಭೌತವಿಜ್ಞಾನದ ಬಹುಪಾಲು ನಮ್ಮ ಪದವಿಪೂರ್ವ ತರಗತಿಗಳ ಪಠ್ಯದಲ್ಲೇ ಇದೆ.

ಎರಡು ಬಗೆಯ ಸನ್ಮಾನದ ಕತ್ತಿಗಳು

ಅಧಿಕಾರಿಗಳಿಗೆ ಗೌರವಾರ್ಥವಾಗಿ ಕೊಟ್ಟ ಕತ್ತಿಗಳಲ್ಲಿ ಎರಡು ಬಗೆ. ಮೊದಲನೆಯದು, ಬಳಕೆಗೆಂದು ಮಾಡಿದ ಆಯುಧವೇ ಮುಂದೆ ಸನ್ಮಾನದ ವಸ್ತುವಾದದ್ದು. ಬೇರ್ಡ್‌ಗೆ ಬಂದ ಕತ್ತಿ ಈ ಬಗೆಯದು. ಅದರ ಹಿಡಿಯಲ್ಲಿ ಚಿನ್ನವನ್ನು ಕೂರಿಸಿ ಬರೆದ ದೈವಸ್ತುತಿಯ ಅಕ್ಷರಗಳಿವೆ. ಯುರೋಪಿನ ವರ್ತಕರು ಮತ್ತು ಪಾದ್ರಿಗಳ ಮೂಲಕ 16ನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯನ್ನು ಅನುಸರಿಸಿ ಮೊಗಲ್ ಕಮ್ಮಾರರು ಅದರ ಅಲಗನ್ನು ಮಾಡಿದರೆಂದು ಹರಾಜು ಸಂಸ್ಥೆ ವಿವರಿಸಿದೆ.

ಎರಡನೆಯದು, ಸನ್ಮಾನಕ್ಕೆಂದೇ ಹೊಸದಾಗಿ ಮಾಡಿಸಿದ ಕತ್ತಿ. ಲಂಡನ್ನಿನಲ್ಲಿ 1803ರಲ್ಲಿ ಸ್ಥಾಪನೆಯಾದ ಲಾಯ್ಡ್ಸ್ ಪೇಟ್ರಿಯಾಟಿಕ್ ಫಂಡ್ ಎಂಬ ನಿಧಿ ಇಂಥ ಕತ್ತಿಗಳನ್ನು ಕೊಡುತ್ತಿತ್ತು. ಅಧಿಕಾರಿಯ ದರ್ಜೆಗೆ ತಕ್ಕಂತೆ 100, 50 ಮತ್ತು 30 ಪೌಂಡು ಬೆಲೆಯ ಕತ್ತಿಗಳಿದ್ದವು. 1805ರ ಟ್ರಫಾಲ್ಗರ್ ನೌಕಾಯುದ್ಧದ ಕ್ಯಾಪ್ಟನ್‌ಗಳಿಗೆ 100 ಪೌಂಡಿನ ಕತ್ತಿಗಳು ಸಂದವು. ಇವುಗಳ ಅಲಗು ಕಡು ನೀಲಿ. ಆ ನೀಲಿಯ ಮೇಲೆ ಚಿನ್ನದ ಚಿತ್ತಾರ ಮತ್ತು ಪಡೆದವನ ಹೆಸರು.

ಮೊದಲ ಬಗೆಯ ಕತ್ತಿಯಲ್ಲಿ ಕುಶಲತೆಯ ಬಹುಪಾಲು ಅಲಗಿನ ಒಳಗಿದೆ. ಎರಡನೆಯದರಲ್ಲಿ ಅಲಗಿನ ಮೇಲಿದೆ. ಒಳಗಿನಿಂದ ಆರಂಭಿಸಿ ಹೊರಗೆ ಬರೋಣ.

ಕೈಗೆ ಹಗುರ, ಪೆಟ್ಟಿಗೆ ಭಾರ

90 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಸರಾಸರಿ 4 ಮಿ.ಮೀ. ದಪ್ಪದ ಒಂದು ಉಕ್ಕಿನ ಪಟ್ಟಿಯನ್ನು ಊಹಿಸಿಕೊಳ್ಳಿ. ಅದರ ಗಾತ್ರ 108 ಘನ ಸೆಂ.ಮೀ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 7.8 ಗ್ರಾಂ. ಆದ್ದರಿಂದ ಪಟ್ಟಿಯ ತೂಕ ಸುಮಾರು 840 ಗ್ರಾಂ. ಇದಕ್ಕೆ ಹಿಡಿ ಸೇರಿಸಿದರೆ ಒಂದು ಕಿಲೋಗ್ರಾಂ ದಾಟುತ್ತದೆ. ಒಂದು ಕಿಲೋ ಬೆಲ್ಲ ಎತ್ತುವುದು ಕಷ್ಟವಲ್ಲ. ಆದರೆ ಅದೇ ತೂಕ 90 ಸೆಂ.ಮೀ. ಉದ್ದಕ್ಕೆ ಹರಡಿದಾಗ ಅದನ್ನು ಬೀಸಿ ಮತ್ತೆ ತಡೆಯುವುದು ಬೇರೆಯೇ ಕೆಲಸ. ಇಲ್ಲಿ ಲೆಕ್ಕಕ್ಕೆ ಬರುವುದು ಬರಿಯ ದ್ರವ್ಯರಾಶಿಯಲ್ಲ, ಜಡತ್ವ ಭ್ರಾಮಕ. ಕೈಯಿಂದ ಎರಡು ಪಟ್ಟು ದೂರವಿರುವ ಒಂದು ಗ್ರಾಂ ಲೋಹ, ಬೀಸುವಾಗ ನಾಲ್ಕು ಪಟ್ಟು ಪ್ರತಿರೋಧ ಒಡ್ಡುತ್ತದೆ.

ಆದ್ದರಿಂದ ಕಮ್ಮಾರ ಲೋಹವನ್ನು ತುದಿಯಿಂದ ಕಳೆಯುತ್ತಾನೆ. ಅಲಗು ಹಿಡಿಯ ಬಳಿ ದಪ್ಪ, ಮೊನೆಯತ್ತ ತೆಳು. ಹಿಡಿಯ ಹಿಂತುದಿಯಲ್ಲಿ ಒಂದು ಗುಂಡು ಅಥವಾ ಬಿಲ್ಲೆ ಸೇರಿಸಿ ಗುರುತ್ವ ಕೇಂದ್ರವನ್ನು ಕೈಯತ್ತ ಎಳೆದುಕೊಳ್ಳುತ್ತಾನೆ. ಆದರೆ ತೆಳುವಾಗಿಸಲು ಒಂದು ಮಿತಿಯಿದೆ. ಪಟ್ಟಿಯ ಬಾಗುವಿಕೆಯ ಬಿಗಿತ ಅದರ ದಪ್ಪದ ಘನವನ್ನು ಅವಲಂಬಿಸಿದೆ. ದಪ್ಪ ಅರ್ಧವಾದರೆ ಬಿಗಿತ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ತೂಕ ಇಳಿಯಬೇಕು, ಬಿಗಿತ ಉಳಿಯಬೇಕು. ಹೇಗೆ?

ಉತ್ತರ ಅನೇಕ ಅಲಗುಗಳ ಉದ್ದಕ್ಕೂ ಕೊರೆದಿರುವ ಕಾಲುವೆಯಂಥ ತಗ್ಗಿನಲ್ಲಿದೆ. ರಕ್ತ ಹರಿದುಹೋಗಲಿ ಎಂದು ಅದನ್ನು ಮಾಡಿದ್ದಾರೆಂದು ಹಲವರು ಹೇಳುವುದನ್ನು ನೀವು ಕೇಳಿರಬಹುದು. ನಿಜವಾದ ಕಾರಣ ಬೇರೆ. ಪಟ್ಟಿ ಬಾಗಿದಾಗ ಒಂದು ಮೈ ಹಿಗ್ಗುತ್ತದೆ, ಇನ್ನೊಂದು ಮೈ ಕುಗ್ಗುತ್ತದೆ, ನಟ್ಟನಡುವಿನ ಪದರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಪದರದಿಂದ ದೂರ ಇರುವ ಲೋಹವೇ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆ. ಹೀಗಿರುವಾಗ ತಗ್ಗು ತೆಗೆದು ತೂಕ ಕಳೆದ ಅಲಗನ್ನು, ಅಷ್ಟೇ ತೂಕದ ಸಪಾಟು ಪಟ್ಟಿಯೊಂದಿಗೆ ಹೋಲಿಸಿ ನೋಡಿ. ತಗ್ಗಿನ ಅಲಗಿನಲ್ಲಿ ಬೆನ್ನಿನ ದಪ್ಪ ಹಾಗೇ ಇರುವುದರಿಂದ ಅದೇ ಹೆಚ್ಚು ಬಿಗಿ. ರೈಲು ಕಂಬಿಯ ಆಕಾರದ ಹಿಂದಿರುವ ತರ್ಕವೂ ಇದೇ.

ಇನ್ನು ಪೆಟ್ಟಿನ ವಿಷಯ. ಅಲಗಿನ ಯಾವ ಜಾಗದಿಂದ ಹೊಡೆದರೆ ಕೈಗೆ ಜುಮ್ಮೆನ್ನುವುದಿಲ್ಲ? ಹಿಡಿದ ಬಿಂದುವನ್ನು ತಿರುಗಣೆ ಎಂದು ಭಾವಿಸಿದರೆ, ಏಕರೂಪದ ಸಲಾಕೆಯಲ್ಲಿ ಅಂಥ ಬಿಂದು ತಿರುಗಣೆಯಿಂದ ಉದ್ದದ ಮೂರನೇ ಎರಡು ಪಾಲಿನಷ್ಟು ದೂರದಲ್ಲಿರುತ್ತದೆ. ಅದನ್ನು ಆಘಾತ ಕೇಂದ್ರ ಎನ್ನುತ್ತೇವೆ. ಅಲ್ಲಿ ಪೆಟ್ಟು ಬಿದ್ದಾಗ ಹಿಡಿದ ಕೈಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವ ಬಲ ಶೂನ್ಯ. ಇದರ ಜೊತೆಗೆ ಅಲಗು ಕಂಪಿಸುತ್ತದೆ ಕೂಡ. ಏಕರೂಪದ ಸಲಾಕೆಯಲ್ಲಿ ಮೂಲ ಕಂಪನದ ನಿಸ್ಪಂದ ಬಿಂದುಗಳು ಎರಡು ತುದಿಗಳಿಂದ ಉದ್ದದ ಶೇ. 22ರಷ್ಟು ಒಳಗಿರುತ್ತವೆ. ಒಳ್ಳೆಯ ಕತ್ತಿಯಲ್ಲಿ ಒಂದು ನಿಸ್ಪಂದ ಬಿಂದು ಹಿಡಿಯ ಹತ್ತಿರವೂ ಇನ್ನೊಂದು ಪೆಟ್ಟು ಬೀಳುವ ಜಾಗದ ಹತ್ತಿರವೂ ಬರುವಂತೆ ತೂಕ ಹಂಚಿರುತ್ತದೆ. ಕ್ರಿಕೆಟ್ ಬ್ಯಾಟಿನ 'ಸರಿಯಾದ ಜಾಗ'ಕ್ಕೆ ಚೆಂಡು ತಾಗಿದಾಗ ಆಗುವ ಅನುಭವ ಇದೇ ಬಗೆಯದು.

ಮಾಡಿ ನೋಡಿ: ಒಂದು ಮೀಟರು ಅಳತೆಪಟ್ಟಿಯ ತುದಿಯಲ್ಲಿ ರಂಧ್ರ ಮಾಡಿ ಮೊಳೆಗೆ ತೂಗುಹಾಕಿ. ಪಕ್ಕದಲ್ಲಿ 66.7 ಸೆಂ.ಮೀ. ಉದ್ದದ ಸರಳ ಲೋಲಕವನ್ನು ಕಟ್ಟಿ. ಎರಡನ್ನೂ ಒಟ್ಟಿಗೆ ಸ್ವಲ್ಪವೇ ಎಳೆದು ಬಿಡಿ. ಎರಡರ ಆವರ್ತ ಕಾಲವೂ ಸುಮಾರು 1.64 ಸೆಕೆಂಡು; ಜೊತೆಜೊತೆಯಾಗಿ ತೂಗುತ್ತವೆ. ಇನ್ನು ಪಟ್ಟಿಯನ್ನು ಬೆರಳುಗಳಲ್ಲಿ ಸಡಿಲವಾಗಿ ಹಿಡಿದು 67ನೇ ಸೆಂ.ಮೀ. ಬಳಿ ತಟ್ಟಿ, ನಂತರ 40 ಮತ್ತು 95ರ ಬಳಿ ತಟ್ಟಿ. ವ್ಯತ್ಯಾಸವನ್ನು ನಿಮ್ಮ ಬೆರಳುಗಳೇ ಹೇಳುತ್ತವೆ.

ಈ ಪರೀಕ್ಷೆಯನ್ನು ಹಳೆಯ ಕತ್ತಿಗೂ ಅನ್ವಯಿಸಬಹುದು. ತೋರಿಕೆಗೆಂದೇ ಮಾಡಿದ ಕತ್ತಿಗಳಲ್ಲಿ ಅನೇಕ ಸಲ ಹಿಡಿಗೆ ಅಲಂಕಾರದ ಭಾರ ಹೇರಿ ತೂಕದ ಹಂಚಿಕೆಯೇ ಕೆಟ್ಟಿರುತ್ತದೆ. ಕತ್ತಿಯನ್ನು ಬೀಸಲು ಮಾಡಿದರೋ ಸೊಂಟಕ್ಕೆ ಕಟ್ಟಿ ಮೆರೆಯಲು ಮಾಡಿದರೋ ಎಂಬುದನ್ನು ಒಂದು ತಕ್ಕಡಿ ಮತ್ತು ಒಂದು ಅಳತೆಪಟ್ಟಿ ಬಹುಮಟ್ಟಿಗೆ ಹೇಳಬಲ್ಲವು.

ಉಕ್ಕು 'ವೂಟ್ಸ್' ಆದದ್ದು

ಆಕಾರದಿಂದ ಪದಾರ್ಥಕ್ಕೆ ಬರೋಣ. ದಕ್ಷಿಣ ಭಾರತದ ಮೂಸೆಯ ಉಕ್ಕು ಪಶ್ಚಿಮ ಏಷ್ಯಾದವರೆಗೆ ಹೋಗಿ ಹೆಸರಾಂತ ಕತ್ತಿಗಳಾಗುತ್ತಿತ್ತು. ಇಂಗ್ಲಿಷರು ಇದನ್ನು 'ವೂಟ್ಸ್' ಎಂದು ಕರೆದರು. ನಮ್ಮ 'ಉಕ್ಕು' ಪದವೇ ಹೀಗೆ ಅಪಭ್ರಂಶಗೊಂಡಿತೆಂಬುದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವ ಅಭಿಪ್ರಾಯ. 1790ರ ದಶಕದಲ್ಲಿ ಬೊಂಬಾಯಿಯಿಂದ ಈ ಉಕ್ಕಿನ ಮಾದರಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ಜಾರ್ಜ್ ಪಿಯರ್ಸನ್ 1795ರಲ್ಲಿ ಅವುಗಳ ಮೇಲೆ ಪ್ರಬಂಧ ಪ್ರಕಟಿಸಿದರು. ಅಂದರೆ ಶ್ರೀರಂಗಪಟ್ಟಣ ಬೀಳುವ ಮೊದಲೇ ಈ ಸೀಮೆಯ ಉಕ್ಕು ಲಂಡನ್ನಿನ ಪ್ರಯೋಗಾಲಯ ಸೇರಿತ್ತು.

ಉಕ್ಕನ್ನು ಮಾಡುವ ಕ್ರಮವನ್ನು ಕಣ್ಣಾರೆ ಕಂಡು ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯ. ಹೊಸದಾಗಿ ಗೆದ್ದ ಸೀಮೆಯ ಸಮೀಕ್ಷೆಗೆಂದು ಗವರ್ನರ್ ಜನರಲ್ ಅವನನ್ನು 1800ರಲ್ಲಿ ಕಳುಹಿಸಿದ. ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಬಳಿ ಅವನು ಉಕ್ಕಿನ ಕುಲುಮೆಗಳನ್ನು ನೋಡಿದ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆಗೆ ತಂಗಡಿ ಗಿಡದ ಕಾಂಡದ ಚೂರು ಮತ್ತು ಒಂದು ಬಳ್ಳಿಯ ಹಸಿರೆಲೆ. ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ತಿದಿಯೂದಿ ಕಾಯಿಸುವುದು. ಹಳದಿ ಹೂವಿನ ಈ ತಂಗಡಿ, ಅಂದರೆ ಆವರಿಕೆ, ಯಳಂದೂರು-ಕೊಳ್ಳೇಗಾಲದ ಒಣ ಬಯಲಿನಲ್ಲೂ ನೀವು ಕಾಣುವ ಗಿಡ. ಬುಕಾನನ್‌ನ ಪ್ರವಾಸ ಕಥನ ಅಚ್ಚಾದದ್ದು 1807ರಲ್ಲಿ, ಪೂರ್ಣಯ್ಯನವರಿಗೆ ಜಹಗೀರು ಸಿಕ್ಕ ವರ್ಷದಲ್ಲಿ.

ಈ ಕ್ರಮದಲ್ಲಿನ ವಿಜ್ಞಾನವನ್ನು ಗಮನಿಸಿ. ಶುದ್ಧ ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೈತಿದಿಯ ಇದ್ದಿಲಿನ ಕುಲುಮೆಗೆ ಇದು ಎಟುಕದ ಶಾಖ. ಆದರೆ ಮೂಸೆಯೊಳಗಿನ ಕಟ್ಟಿಗೆ ಮತ್ತು ಎಲೆ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲ ಬೆರೆತಷ್ಟೂ ಕರಗುವ ಶಾಖ ಕೆಳಗಿಳಿಯುತ್ತದೆ. ಇಂಗಾಲ ಶೇ. 1.5ರಷ್ಟಾದಾಗ ಸುಮಾರು 1400 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಕೆಳಗೇ ಕರಗುವುದನ್ನು ನೆನಪಿಸಿಕೊಳ್ಳಿ. ಇದು ಅದೇ ತತ್ತ್ವ. ಮೂಸೆಯ ಬಾಯಿ ಮುಚ್ಚಿರುವುದರಿಂದ ಗಾಳಿಯ ಆಮ್ಲಜನಕ ಒಳಹೊಕ್ಕು ಇಂಗಾಲವನ್ನು ಸುಡಲಾರದು. ಹದವರಿತ ಆ ಕೆಲಸಗಾರರ ಬಳಿ ಶಾಖಮಾಪಕವಿರಲಿಲ್ಲ; ಮೂಸೆಯನ್ನು ಅಲುಗಿಸಿದಾಗ ಒಳಗಿನ ದ್ರವ ತುಳುಕುವುದೇ ಗುರುತು.

ನಿಧಾನವಾಗಿ ಆರಿದ ಈ ಉಂಡೆಯಲ್ಲಿ ಹೆಚ್ಚಿನ ಇಂಗಾಲ ಕಬ್ಬಿಣದೊಂದಿಗೆ ಕೂಡಿ ಸಿಮೆಂಟೈಟ್ ಎಂಬ ಗಟ್ಟಿಯಾದ ಸಂಯುಕ್ತವಾಗುತ್ತದೆ. ಹದವಾದ ಕೆಂಪು ಶಾಖದಲ್ಲಿ ಮತ್ತೆ ಮತ್ತೆ ಬಡಿದಾಗ ಸಿಮೆಂಟೈಟಿನ ಕಣಗಳು ಸಾಲುಗಟ್ಟುತ್ತವೆ. ಮೇಲ್ಮೈಗೆ ಮೆಲುವಾದ ಆಮ್ಲ ತಾಗಿಸಿದರೆ ಸುತ್ತಲಿನ ಮೆದು ಭಾಗ ಕಪ್ಪಾಗುತ್ತದೆ, ಸಿಮೆಂಟೈಟಿನ ಸಾಲುಗಳು ಬೆಳ್ಳಗೆ ಉಳಿಯುತ್ತವೆ. ಅಲಗಿನ ಮೇಲೆ ನೀರಿನ ಅಲೆಗಳಂಥ ವಿನ್ಯಾಸ ಮೂಡುವುದು ಹೀಗೆ. ಅದು ಬರೆದ ಚಿತ್ರವಲ್ಲ, ಒಳಗಿನ ರಚನೆಯೇ ಮೇಲೆ ಕಾಣಿಸಿಕೊಳ್ಳುವುದು.

ಲಂಡನ್ನಿಗೆ ಹೋದ ಉಕ್ಕು ಅಲ್ಲಿ ದೊಡ್ಡ ಕೆಲಸವನ್ನೇ ಮಾಡಿತು. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರಲ್ಲಿ ವೂಟ್ಸ್ ಉಕ್ಕನ್ನು ವಿಶ್ಲೇಷಿಸಿ, ಅದರ ಗುಣಕ್ಕೆ ಅಲ್ಯೂಮಿನಾದಂಥ ಮಿಶ್ರಣಗಳೇ ಕಾರಣವಿರಬೇಕೆಂದು ಭಾವಿಸಿದರು. ಆ ತೀರ್ಮಾನ ತಪ್ಪಾಗಿತ್ತು, ಕಾರಣ ಇಂಗಾಲ. ಆದರೆ ಆ ತಪ್ಪಿನ ಬೆನ್ನುಹತ್ತಿ, ಕತ್ತರಿ-ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆಗೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಮುಂತಾದವನ್ನು ಬೆರೆಸಿ ಪರೀಕ್ಷಿಸಿದರು. ಮಿಶ್ರ ಉಕ್ಕುಗಳ ವ್ಯವಸ್ಥಿತ ಅಧ್ಯಯನ ಹೀಗೆ ಆರಂಭವಾಯಿತು. 1990ರ ದಶಕದಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಆ ಅಲೆ ವಿನ್ಯಾಸವನ್ನು ಮತ್ತೆ ಮೂಡಿಸಿ ತೋರಿಸಿದರು. ಸಿಮೆಂಟೈಟ್ ಸಾಲುಗಟ್ಟಲು ವೆನೇಡಿಯಂನಂಥ ಧಾತು ಅತ್ಯಲ್ಪ ಪ್ರಮಾಣದಲ್ಲಿ - ಸಾವಿರದಲ್ಲೊಂದು ಪಾಲಿಗಿಂತಲೂ ಎಷ್ಟೋ ಕಡಿಮೆ - ಇರಬೇಕೆಂಬುದು ಅವರ ಫಲಿತಾಂಶ. ಅಂಥ ಅದಿರು ಸಿಗದಾದಾಗ ಕಮ್ಮಾರನ ಕೈ ಅದೇ ಆಗಿದ್ದರೂ ವಿನ್ಯಾಸ ಮೂಡುವುದು ನಿಂತಿರಬಹುದು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ತಂಡ 17ನೇ ಶತಮಾನದ ಒಂದು ಅಲಗಿನಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಕಂಡುದಾಗಿ ವರದಿ ಮಾಡಿತು.

ಇಲ್ಲೊಂದು ಎಚ್ಚರಿಕೆ. ಟಿಪ್ಪುವಿನ ಹೆಸರಿನ ಕತ್ತಿಗಳೆಲ್ಲ ವೂಟ್ಸ್ ಎಂದಾಗಲಿ, ಹಳೆಯ ಕತ್ತಿಗಳೆಲ್ಲ ಇಂದಿನ ಉಕ್ಕಿಗಿಂತ ಮೇಲು ಎಂದಾಗಲಿ ಹೇಳಿಬಿಡಬೇಡಿ. ಇಂದಿನ ಒಳ್ಳೆಯ ಮಿಶ್ರ ಉಕ್ಕು ಗಡಸುತನದಲ್ಲೂ ತಾಳಿಕೆಯಲ್ಲೂ ಅವನ್ನು ಮೀರಿಸುತ್ತದೆ. ಆ ಕಾಲದ ಕೆಲಸಗಾರರ ಹಿರಿಮೆ ಇರುವುದು ಅಷ್ಟು ಕಡಿಮೆ ಸಲಕರಣೆಯಿಂದ ಅಷ್ಟು ಖಚಿತವಾದ ಫಲ ಪಡೆದದ್ದರಲ್ಲಿ.

ಅಲಗಿನ ಮೇಲಿನ ನೀಲಿ

ಲಾಯ್ಡ್ಸ್ ನಿಧಿಯ ಕತ್ತಿಗಳ ಕಡು ನೀಲಿಗೆ ಬರೋಣ. ಅಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಉಜ್ಜಿ ಹೊಳಪಿಸಿದ ಉಕ್ಕನ್ನು ಗಾಳಿಯಲ್ಲಿ ಕಾಯಿಸಿದಾಗ ಮೇಲ್ಮೈಯಲ್ಲಿ ಕಬ್ಬಿಣದ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ. ಬೆಳಕಿನ ಒಂದು ಭಾಗ ಪದರದ ಮೇಲ್ಮೈಯಿಂದ ಪ್ರತಿಫಲಿಸುತ್ತದೆ. ಇನ್ನೊಂದು ಭಾಗ ಪದರವನ್ನು ಹೊಕ್ಕು ಕೆಳಗಿನ ಲೋಹದಿಂದ ಪ್ರತಿಫಲಿಸಿ ಹೊರಬರುತ್ತದೆ. ಎರಡೂ ಕೂಡಿದಾಗ ವ್ಯತೀಕರಣ. ನೀರಿನ ಮೇಲೆ ಹರಡಿದ ಸೀಮೆಎಣ್ಣೆಯಲ್ಲಿ ಕಾಣುವ ಬಣ್ಣಗಳಿಗೂ ಇದೇ ಕಾರಣ.

ಒಂದು ಒರಟು ಲೆಕ್ಕ ಮಾಡೋಣ. ಪದರದ ವಕ್ರೀಭವನ ಸೂಚ್ಯಂಕ ಸುಮಾರು 2.4 ಎಂದಿಟ್ಟುಕೊಳ್ಳಿ. ಪದರದ ದಪ್ಪ, ಆ ಪದರದೊಳಗಿನ ತರಂಗದೂರದ ನಾಲ್ಕನೇ ಒಂದು ಪಾಲಾದಾಗ ಆ ಬಣ್ಣ ಅಳಿಯುತ್ತದೆ. ದಪ್ಪ 46 ನ್ಯಾನೊಮೀಟರ್ ಇದ್ದರೆ ಅಳಿಯುವುದು 440 ನ್ಯಾನೊಮೀಟರಿನ ನೇರಳೆ-ನೀಲಿ. ಉಳಿದ ಬೆಳಕು ಒಣಹುಲ್ಲಿನಂಥ ಹಳದಿಯಾಗಿ ಕಾಣುತ್ತದೆ. ದಪ್ಪ 62 ನ್ಯಾನೊಮೀಟರಿಗೆ ಬೆಳೆದಾಗ ಅಳಿಯುವುದು 600 ನ್ಯಾನೊಮೀಟರಿನ ಕಿತ್ತಳೆ. ಅಲಗು ನೀಲಿಯಾಗಿ ಕಾಣುತ್ತದೆ. ಲೋಹದಿಂದ ಪ್ರತಿಫಲಿಸುವಾಗ ಆಗುವ ಪ್ರಾವಸ್ಥೆಯ ಬದಲಾವಣೆ ಮತ್ತು ಪದರ ಹೀರುವ ಬೆಳಕು - ಇವೆರಡನ್ನೂ ನಿಖರವಾಗಿ ಸೇರಿಸಿದರೆ ಅಂಕಿಗಳು ಸ್ವಲ್ಪ ಬದಲಾಗುತ್ತವೆ. ಬಣ್ಣಗಳ ಕ್ರಮ ಬದಲಾಗದು.

ಪದರದ ದಪ್ಪವನ್ನು ನಿರ್ಧರಿಸುವುದು ಮುಖ್ಯವಾಗಿ ಶಾಖ. ಸುಮಾರು 220-230 ಡಿಗ್ರಿಯಲ್ಲಿ ಹುಲ್ಲುಹಳದಿ, 255ರ ಬಳಿ ಕಂದು, 275-280ರಲ್ಲಿ ನೇರಳೆ, 290-300ರಲ್ಲಿ ನೀಲಿ. ಕಮ್ಮಾರನಿಗೆ ಇದೇ ಶಾಖಮಾಪಕ. ಕ್ಷೌರದ ಕತ್ತಿಗೆ ಹುಲ್ಲುಹಳದಿಯ ಹದ, ಗಡಿಯಾರದ ಸ್ಪ್ರಿಂಗಿಗೆ ನೀಲಿಯ ಹದ. ಹದ ತಿಳಿಯಲು ಇದ್ದ ಗುರುತನ್ನೇ ಸನ್ಮಾನದ ಕತ್ತಿ ಮಾಡುವವನು ಅಲಂಕಾರ ಮಾಡಿಕೊಂಡ. ಗಜದುದ್ದದ ಅಲಗಿನ ಮೇಲೆ ಎಲ್ಲೂ ಹೆಚ್ಚುಕಡಿಮೆಯಾಗದ ಒಂದೇ ನೀಲಿ ಬರಬೇಕಾದರೆ ಶಾಖ ಎಲ್ಲೆಡೆಯೂ ಕೆಲವೇ ಡಿಗ್ರಿಗಳ ಒಳಗೆ ಸಮನಾಗಿರಬೇಕು.

ಮಾಡಿ ನೋಡಿ: ಹಳೆಯ ಗರಗಸದ ಅಲಗಿನ ತುಂಡನ್ನು ಎಮರಿ ಕಾಗದದಿಂದ ಬೆಳ್ಳಗೆ ಉಜ್ಜಿ. ಒಂದು ತುದಿಯನ್ನು ಇಕ್ಕಳದಿಂದ ಹಿಡಿದು ಇನ್ನೊಂದು ತುದಿಯನ್ನು ಮದ್ಯಸಾರದ ದೀಪದಲ್ಲಿ ಕಾಯಿಸಿ. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ. ಬಿಸಿ ತುದಿಯಿಂದ ತಣ್ಣನೆಯ ಕಡೆಗೆ ನೀಲಿ, ನೇರಳೆ, ಕಂದು, ಹಳದಿ ಪಟ್ಟೆಗಳು ಸಾಲಾಗಿ ನಡೆದುಬರುತ್ತವೆ. ಆರಿದ ಮೇಲೂ ಅವು ಉಳಿಯುತ್ತವೆ. ನಂತರ ಎಮರಿ ಕಾಗದದಿಂದ ಒಂದೇ ಒಂದು ಸಲ ಉಜ್ಜಿ. ಬಣ್ಣ ಹೋಯಿತು. ಈ ಕೊನೆಯ ಹೆಜ್ಜೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚಿನ್ನ ಹೇಳುವ ಸಾಕ್ಷ್ಯ

ಆ ಕಾಲದಲ್ಲಿ ಲೋಹಕ್ಕೆ ಚಿನ್ನ ಹಿಡಿಸುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು, ಉಕ್ಕಿನಲ್ಲಿ ಗೆರೆ ಕೊರೆದು ಅಥವಾ ಮೇಲ್ಮೈಯನ್ನು ಒರಟುಮಾಡಿ, ಚಿನ್ನದ ತಂತಿಯನ್ನು ಬಡಿದು ಕೂರಿಸುವ ಭಾರತೀಯ ವಿಧಾನ. ಇಲ್ಲಿ ಅಂಟು ಬೇಕಿಲ್ಲ. ಮೆದುವಾದ ಚಿನ್ನ ಗೆರೆಯ ಸಂದಿಗೆ ಹರಿದು ಬಿಗಿಯುತ್ತದೆ. ಎರಡನೆಯದು, ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ ಕಾಯಿಸುವುದು. 357 ಡಿಗ್ರಿಯಲ್ಲಿ ಕುದಿಯುವ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಈ ಆವಿ ಕೆಲಸಗಾರರ ನರಮಂಡಲವನ್ನೇ ಹಾಳುಮಾಡುತ್ತಿತ್ತು. ಹೊಳೆಯುವ ಬಹುಮಾನಗಳ ಹಿಂದೆ ಈ ಲೆಕ್ಕವೂ ಇದೆ.

ಪಾದರಸ ಪೂರ್ತಿ ಹೋಗುವುದಿಲ್ಲ, ಚಿನ್ನದಲ್ಲಿ ಒಂದಿಷ್ಟು ಉಳಿಯುತ್ತದೆ. ವಸ್ತುವಿನ ಮೇಲೆ ಎಕ್ಸ್-ಕಿರಣ ಬೀರಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ಕಿರಣವನ್ನು ಹೊರಸೂಸುತ್ತದೆ. ಎಕ್ಸ್-ಕಿರಣ ಪ್ರತಿದೀಪ್ತಿ ಎಂಬ ಈ ವಿಧಾನ ಪಾದರಸದ ಗುರುತನ್ನು ಕೂಡಲೇ ಹಿಡಿಯುತ್ತದೆ. ವಿದ್ಯುತ್ ಲೇಪನದ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿ ಅದು ಬಳಕೆಗೆ ಬಂದದ್ದು 1840ರಿಂದ. ಆದ್ದರಿಂದ 1799ರದೆಂದು ಹೇಳುವ ಕತ್ತಿಯ ಚಿನ್ನ ವಿದ್ಯುತ್ ಲೇಪನದ್ದಾಗಿದ್ದರೆ, ಕನಿಷ್ಠ ಆ ಲೇಪನವಾದರೂ ನಂತರದ್ದು. ಕೆತ್ತಿದ ಹೆಸರಿಗೂ ಇಂಥದೇ ಪರೀಕ್ಷೆಯುಂಟು. ಕೆತ್ತನೆಯ ಗೆರೆ ಹಳೆಯ ಗೀರು, ಸವಕಳಿಗಳ ಮೇಲೆ ಹಾದುಹೋಗಿದೆಯೇ ಅಥವಾ ಸವಕಳಿಯೇ ಗೆರೆಯನ್ನು ತಿಂದಿದೆಯೇ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಮೊದಲು ಯುದ್ಧ, ಆಮೇಲೆ ಸನ್ಮಾನ ಎಂಬ ಕ್ರಮ ಲೋಹದಲ್ಲೇ ಬರೆದಿರುತ್ತದೆ.

ಕತ್ತರಿಸದೆ ಓದುವುದು

ಆದರೆ ಉಕ್ಕಿನೊಳಗಿನ ಇಂಗಾಲ? ಕೈಯಲ್ಲಿ ಹಿಡಿದು ಬಳಸುವ ಎಕ್ಸ್-ಕಿರಣ ಉಪಕರಣಕ್ಕೆ ಅದು ಕಾಣದು. ಇಂಗಾಲ ಹೊರಸೂಸುವ ಕಿರಣ ಬಹಳ ದುರ್ಬಲ. ಗಾಳಿಯೇ ಅದನ್ನು ನುಂಗಿಬಿಡುತ್ತದೆ. ತುಂಡು ಕತ್ತರಿಸಿ ನೋಡೋಣವೆಂದರೆ ವಸ್ತುವೇ ಹಾಳು. ಇಲ್ಲಿ ನೆರವಿಗೆ ಬರುವುದು ನ್ಯೂಟ್ರಾನ್. ವಿದ್ಯುದಾವೇಶವಿಲ್ಲದ ಈ ಕಣ ಉಕ್ಕಿನಲ್ಲಿ ಸೆಂಟಿಮೀಟರುಗಳಷ್ಟು ಆಳಕ್ಕೆ ಹೋಗಬಲ್ಲದು. ಹೋದಾಗ ಹರಳುಗಳಿಂದ ವಿವರ್ತನೆ ಹೊಂದಿ, ಕಬ್ಬಿಣವೆಷ್ಟು, ಸಿಮೆಂಟೈಟ್ ಎಷ್ಟು ಎಂದು ತಿಳಿಸುತ್ತದೆ. ಸಿಮೆಂಟೈಟಿನ ಒಂದು ಅಣುಘಟಕದಲ್ಲಿ ಕಬ್ಬಿಣದ ಮೂರು ಪರಮಾಣು, ಇಂಗಾಲದ ಒಂದು. ಪರಮಾಣು ತೂಕಗಳಿಂದ ಲೆಕ್ಕ ಹಾಕಿದರೆ ಇಂಗಾಲದ ಪಾಲು ಶೇ. 6.7. ಅಲಗಿನಲ್ಲಿ ಸಿಮೆಂಟೈಟ್ ಶೇ. 20 ಇದೆಯೆಂದು ಕಂಡುಬಂದರೆ, ಇಂಗಾಲ ಸುಮಾರು ಶೇ. 1.3; ಮೂಸೆಯ ಉಕ್ಕಿರಬಹುದು. ಶೇ. 8 ಎಂದು ಬಂದರೆ ಇಂಗಾಲ ಅರ್ಧ ಶೇಕಡಾ. ಬೇರೆ ಬಗೆಯ ಉಕ್ಕು. ಭಾರತ, ಜಪಾನ್ ಮತ್ತು ಯುರೋಪಿನ ಹಳೆಯ ಉಕ್ಕಿನ ಆಯುಧಗಳನ್ನು ಹೀಗೆ ಗೀರೂ ಹಾಕದೆ ಹೋಲಿಸಿ ನೋಡಿದ್ದಾರೆ.

ಹುಣಸೆಹಣ್ಣು ಬೇಡ

ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ, ದೇವಸ್ಥಾನಗಳಲ್ಲಿ, ಪಾಳೆಯಗಾರರ ವಂಶದವರ ಬಳಿ ಹಳೆಯ ಕತ್ತಿಗಳಿವೆ. ಅವಕ್ಕೆ ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಸ್ನಾನ. ಹುಣಸೆಹಣ್ಣು, ಇಟ್ಟಿಗೆ ಪುಡಿ, ಇತ್ತೀಚೆಗೆ ಎಮರಿ ಕಾಗದ. ಫಳಫಳ ಹೊಳೆಯುವವರೆಗೆ ಉಜ್ಜುವುದು ಭಕ್ತಿಯಿಂದಲೇ. ಆದರೆ ಮೇಲಿನ ಅಂಕಿಗಳನ್ನು ನೆನಪಿಸಿಕೊಳ್ಳಿ. ನೀಲಿ ಪದರದ ದಪ್ಪ 60 ನ್ಯಾನೊಮೀಟರ್. ಸಾಧಾರಣ ಎಮರಿ ಕಾಗದದ ಕಣ ಅದರ ಸಾವಿರ ಪಟ್ಟು ದೊಡ್ಡದು. ಅಲೆ ವಿನ್ಯಾಸ ಎದ್ದು ಕಾಣುವುದು ಮೇಲ್ಮೈಯ ಕೆಲವೇ ಮೈಕ್ರಾನುಗಳ ವ್ಯತ್ಯಾಸದಿಂದ. ಹುಣಸೆಯ ಟಾರ್ಟಾರಿಕ್ ಆಮ್ಲ ತುಕ್ಕಿನ ಜೊತೆಗೆ ಆ ಮೇಲ್ಮೈಯನ್ನೂ ಕರಗಿಸುತ್ತದೆ. ಅಲಗಿಗೆ ಚುಚ್ಚಿದ ನಿಂಬೆಹಣ್ಣಿನ ಸಿಟ್ರಿಕ್ ಆಮ್ಲವೂ ಅಷ್ಟೇ. ಇನ್ನೂರು ವರ್ಷ ಉಳಿದ ಸಾಕ್ಷ್ಯಕ್ಕೆ ಒಂದು ಮಧ್ಯಾಹ್ನ ಸಾಕು.

ಪೂಜೆ ಬಿಡಬೇಕೆಂದು ಇದರರ್ಥವಲ್ಲ. ಅರಿಸಿನ, ಕುಂಕುಮ, ಹೂವು, ನಿಂಬೆಹಣ್ಣು ಒಣಬಟ್ಟೆಯ ಮೇಲೆ ಕತ್ತಿಯ ಪಕ್ಕದಲ್ಲಿರಲಿ, ಅಲಗಿಗೆ ತಾಗದಿರಲಿ. ಬೆವರಿನ ಉಪ್ಪು ತುಕ್ಕಿಗೆ ಬೀಜ. ಆದ್ದರಿಂದ ಅಲಗನ್ನು ಬರಿಗೈಯಿಂದ ಮುಟ್ಟಬೇಡಿ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಬಳಸುವಂಥ ತಿಳಿಯಾದ ಖನಿಜ ಎಣ್ಣೆಯನ್ನು ತೀರ ತೆಳುವಾಗಿ ಸವರಿ. ಚರ್ಮದ ಒರೆ ತೇವ ಹಿಡಿದಿಡುತ್ತದೆ. ಅಲಗನ್ನು ಅದರಿಂದ ಹೊರಗಿಡಿ. ಆಳವಾಗಿ ತುಕ್ಕು ಹಿಡಿದಿದ್ದರೆ ನೀವೇ ಕೈಹಾಕದೆ ಪುರಾತತ್ತ್ವ ಇಲಾಖೆಯ ಸಂರಕ್ಷಣಾ ತಜ್ಞರನ್ನು ಕೇಳಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ; ಅನುಮತಿಯಿಲ್ಲದೆ ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ.

ಶಿಕ್ಷಕರು ಮಾಡಬಹುದಾದ ಕೆಲಸವೊಂದಿದೆ. ಊರಿನಲ್ಲಿ ಹಳೆಯ ಕತ್ತಿಯಿದ್ದರೆ ಮನೆಯವರ ಒಪ್ಪಿಗೆ ಪಡೆದು, ಹಿರಿಯರ ಸಮ್ಮುಖದಲ್ಲಿ, ಅದರ ತೂಕ, ಉದ್ದ, ಮೂರು-ನಾಲ್ಕು ಕಡೆ ಅಗಲ ಮತ್ತು ದಪ್ಪ, ಗುರುತ್ವ ಕೇಂದ್ರದ ಸ್ಥಾನ ಇವನ್ನು ವಿದ್ಯಾರ್ಥಿಗಳಿಂದ ಬರೆಸಿ. ಓರೆ ಬೆಳಕಿನಲ್ಲಿ ಎರಡೂ ಬದಿಯ ಛಾಯಾಚಿತ್ರ ತೆಗೆಯಿಸಿ. ಅಲೆಯ ಗುರುತಿದೆಯೇ, ಅಕ್ಷರಗಳಿವೆಯೇ ಎಂದು ನೋಡಿ. ಪುಟ ಒಂದೇ ಆದರೂ ಅದು ದಾಖಲೆ.

ಚನ್ನರಾಯನದುರ್ಗದ ಮೂಸೆಯೊಳಗೆ ಏನಿತ್ತೆಂದು ನಮಗೆ ಇಂದು ತಿಳಿದಿರುವುದು ಬುಕಾನನ್ ಅಲ್ಲಿ ನಿಂತು ನೋಡಿ ಬರೆದುಕೊಂಡದ್ದರಿಂದ. ತಂಗಡಿ ಕಡ್ಡಿಯ ಅಳತೆ ಬಲ್ಲ ಕೆಲಸಗಾರರು ಅದನ್ನು ಕೈಯಿಂದ ಕೈಗೆ ಕಲಿಸಿದರು. ಬರೆದಿಡಲಿಲ್ಲ, ಬರೆದಿಡುವಂತೆ ಅವರನ್ನು ಯಾರೂ ಕೇಳಲೂ ಇಲ್ಲ. ಕುಲುಮೆಗಳು ಆರಿದ ಮೇಲೆ ಅವರ ವಿದ್ಯೆಯಲ್ಲಿ ಉಳಿದದ್ದು ಅವರು ಮಾಡಿದ ಲೋಹದಲ್ಲಿ ಮಾತ್ರ. ಬೇರ್ಡ್‌ನ ಕತ್ತಿಯ ಮೇಲೆ ಪಡೆದವನ ಹೆಸರಿದೆ, ಟಿಪ್ಪುವಿನ ಹೆಸರಿದೆ. ಮಾಡಿದವನ ಪರಿಚಯವಿರುವುದು ಉಕ್ಕಿನ ಹರಳುಗಳಲ್ಲಿ. ನಿಮ್ಮ ಊರಿನ ಕತ್ತಿಯಲ್ಲಿ ಆ ಪರಿಚಯ ಅಳಿಯದೆ ಉಳಿದಿದ್ದರೆ, ಈ ಸಲದ ಆಯುಧಪೂಜೆಗೆ ಅದನ್ನು ಉಜ್ಜದೆ ಬಿಡಿ.